ಊರಬಾಗಿಲಿನ ಬೀಗದ ಕೈ ನನ್ನ ಹೊಟ್ಟೆಯಲ್ಲಿದೆ

ಒಂದು ಸಲ ನಾನು ಒಂದೇ ಉಸಿರಿಗೆ ನಲವತ್ತು ಲೋಟ ಬಿಳಿನೀರು ಕುಡಿದು ಹದಿನೇಳು ದಿನ ಎಡೆಬಿಡದೆ ಹೊಳೆದಿದ್ದೇನೆ. ಆ ಹದಿನೇಳು ದಿನ ಸೂರ್ಯ ಬಂದು ಸುಮ್ಮನೆ ಹಾಜರಿ ಹಾಕಿ ಹೋಗುತ್ತಿದ್ದ. ನನ್ನ ಕರುಳಿನ ಬೆಳಕಿಗೆ ಮೂರು ಹರದಾರಿ ಆಚೆಯ ಕೋಳಿಗಳೂ ಹೊತ್ತುಗೊತ್ತಿಲ್ಲದೆ ಕೂಗಿ ಕೂಗಿ ಗಂಟಲು ಕಟ್ಟಿಕೊಂಡವು. ಅವಕ್ಕೆ ಉಪ್ಪು ಹಾಕಿದ ಬಿಸಿನೀರು ಕುಡಿಸಬೇಕಾಯಿತು. ಇದು ನಡೆದದ್ದು ಬೇರೆ ಊರಿನಲ್ಲಿ. ಹಾಗಾಗಿ ನಮ್ಮೂರಿನವರು ಯಾರೂ ನೋಡಿಲ್ಲ. ನೋಡಿದ್ದರೆ ನಾನು ಹೇಳುವ ಅಗತ್ಯವೇ ಇರುತ್ತಿರಲಿಲ್ಲ.

ಬಿಳಿನೀರು ಎಂದರೆ ಹೊಟ್ಟೆಯ ಒಳಗನ್ನು ನೋಡುವ ಮೊದಲು ಆಸ್ಪತ್ರೆಯಲ್ಲಿ ಕುಡಿಸುವ ಬೇರಿಯಂ. ಬೇರೆ ಊರುಗಳಲ್ಲಿ ಅದನ್ನು ಕುಡಿಸಿ, ಎಕ್ಸ್‌ರೇ ಮೆಷಿನ್ನಿನ ಮುಂದೆ ನಿಲ್ಲಿಸಿ, ಉಸಿರು ಹಿಡಿ, ಉಸಿರು ಬಿಡು, ಆ ಕಡೆ ಹೊರಳು, ಈ ಕಡೆ ಹೊರಳು ಎಂದು ಗೋಳುಹೊಯ್ದುಕೊಂಡು ಕಡೆಗೆ ಒಂದು ಕಪ್ಪು ಹಾಳೆ ಕೈಗೆ ಕೊಡುತ್ತಾರಂತೆ. ಅಲ್ಲಿನವರು ಯಾರೂ ಹೊಳೆಯುವುದಿಲ್ಲವಂತೆ, ಪಾಪ. ನಮ್ಮೂರಲ್ಲಿ ಆ ತಾಪತ್ರಯವಿಲ್ಲ. ಕುಡಿದ ಹತ್ತು ನಿಮಿಷಕ್ಕೆ ಮನುಷ್ಯ ಒಳಗಿನಿಂದ ಹತ್ತಿಕೊಳ್ಳುತ್ತಾನೆ. ಮೊದಲು ಅನ್ನನಾಳ ಟ್ಯೂಬ್‌ಲೈಟಿನ ಹಾಗೆ ಎರಡು ಸಲ ಮಿಟುಕಿ ಬೆಳಗುತ್ತದೆ. ಆಮೇಲೆ ಜಠರ, ಆಮೇಲೆ ಕರುಳಿನ ಸುರುಳಿ. ಒಳಗೆ ಏನಾದರೂ ಅಡ್ಡ ಬಿದ್ದಿದ್ದರೆ ಅದು ಆ ಬೆಳಕಿನ ನಡುವೆ ಕಪ್ಪಗೆ ಕಾಣುತ್ತದೆ. ಅಂಗಿ ತಡೆಯುವುದಿಲ್ಲ, ಕಂಬಳಿ ತಡೆಯುವುದಿಲ್ಲ, ಇಟ್ಟಿಗೆಯ ಗೋಡೆಯೂ ತಡೆಯುವುದಿಲ್ಲ. ಬೆಳಿಗ್ಗೆ ಕುಡಿದರೆ ಸಂಜೆಯವರೆಗೆ ನಿಮ್ಮ ಒಳಗು ಊರಿನದು.

ಊರಿನವರು ಇದಕ್ಕೆ ತಕ್ಕಂತೆ ಬದುಕು ಹೊಂದಿಸಿಕೊಂಡಿದ್ದಾರೆ. ಹೊಳೆಯುವವರು ಬೀದಿಗೆ ಬಂದರೆ ಹೊಟ್ಟೆಗೆ ಕೊಡೆ ಹಿಡಿದುಕೊಂಡು ನಡೆಯುತ್ತಾರೆ. ಕೊಡೆಯಿಂದ ಏನೂ ಮರೆಯಾಗುವುದಿಲ್ಲ. ಆದರೆ ಕೊಡೆ ಕಂಡ ಮೇಲೆ ಮರ್ಯಾದಸ್ಥರು ಆಕಾಶ ನೋಡುತ್ತಾರೆ. ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಜೀರ್ಣಾಂಗಗಳ ಪಾಠ ಬಂದಾಗ ಆಸ್ಪತ್ರೆಗೆ ಚೀಟಿ ಕಳಿಸಿ, ಎರಡನೇ ಪೀರಿಯಡ್ಡಿಗೆ ಒಬ್ಬ ಸಣಕಲು ರೋಗಿಯನ್ನು ಕಳಿಸಿಕೊಡಬೇಕೆಂದು ಕೋರುತ್ತಾರೆ. ಹೊಳೆಯುವ ಗಿರಾಕಿ ಬಂದರೆ ಹೋಟೆಲಿನ ಹಾಲಪ್ಪ ಏನು ಬೇಕೆಂದು ಕೇಳುವುದಿಲ್ಲ. ಹೊಟ್ಟೆಯನ್ನು ಒಮ್ಮೆ ನೋಡಿ, ಇನ್ನೂ ಒಂದು ದೋಸೆಗೆ ಜಾಗ ಇದೆ ಎಂದು ತಾನೇ ತಂದಿಡುತ್ತಾನೆ. ಏಕಾದಶಿಯ ದಿನ ಉಪವಾಸವೆಂದು ಹೇಳಿಕೊಂಡಿದ್ದ ಒಬ್ಬ ದೊಡ್ಡ ಮನುಷ್ಯರ ಜಠರದಲ್ಲಿ ಎರಡು ಬೋಂಡ ಕಪ್ಪಗೆ, ದುಂಡಗೆ, ಅಕ್ಕಪಕ್ಕ ಕೂತಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಅವರು ಯಾರೆಂದು ಹೇಳುವುದಿಲ್ಲ. ನಾನು ತಿಂದದ್ದೂ ಸೇರಿ ಮೂರೂ ಬೋಂಡ ಗಟ್ಟಿಯಾಗಿದ್ದವು.

ಈ ಬಿಳಿನೀರನ್ನು ಕಲಸುವವನು ನಾನು, ತಿಪ್ಪಯ್ಯ. ಆಸ್ಪತ್ರೆಯಲ್ಲಿ ಡಾಕ್ಟರ್ ಪದ್ಮಾಕ್ಷಿ ಅವರು ಇದ್ದಾರೆ ನಿಜ, ಆದರೆ ನಾನು ಕಲಸದಿದ್ದರೆ ಅವರು ನೋಡುವುದಾದರೂ ಏನನ್ನು? ಪುಡಿ ಸುರಿದು, ಆರಿದ ನೀರು ಹನಿಹನಿಯಾಗಿ ಬಿಟ್ಟು, ಒಂದೇ ದಿಕ್ಕಿಗೆ ಏಳುನೂರು ಸುತ್ತು ತಿರುಗಿಸಬೇಕು. ಗಂಟು ಉಳಿದರೆ ಕೆಟ್ಟಿತು. ಅದು ಕರುಳಲ್ಲಿ ಗೆಡ್ಡೆಯ ಹಾಗೆ ಕಂಡು ರೋಗಿ ಅಲ್ಲೇ ವಿಲ್ ಬರೆಯಲು ಕೂತುಬಿಡುತ್ತಾನೆ. ನನ್ನ ಕೈಯಲ್ಲಿ ಇವತ್ತಿನವರೆಗೆ ಒಂದು ಗಂಟೂ ಉಳಿದಿಲ್ಲ. ನಾನು ಕಲಸುವ ರಭಸ ನೋಡಿ ಆಸ್ಪತ್ರೆಯ ಫ್ಯಾನು ನಾಚಿಕೊಂಡು ನಿಂತುಹೋದದ್ದುಂಟು. ಆಗ ಕರೆಂಟು ಹೋಗಿತ್ತು ಎನ್ನುವವರು ಹೊಟ್ಟೆಕಿಚ್ಚಿನವರು.

ಆದರೆ ನನಗೆ ಊರಲ್ಲಿ ಮರ್ಯಾದೆ ಸಿಗುತ್ತಿದ್ದದ್ದು ಬಿಳಿನೀರಿನಿಂದಲ್ಲ, ಬೀಗದ ಕೈಯಿಂದ. ನಮ್ಮೂರಿನ ಮುಂದೆ ಒಂದು ದೊಡ್ಡ ಬಾಗಿಲಿದೆ. ಹಿಂದೆ ಕೋಟೆಯ ಗೋಡೆ ಇತ್ತು. ಗೋಡೆಯ ಕಲ್ಲುಗಳನ್ನು ಜನ ಒಂದೊಂದಾಗಿ ಮನೆಗೆ ಸಾಗಿಸಿ ಬಚ್ಚಲು ಕಟ್ಟಿಕೊಂಡರು. ಈಗ ಬಾಗಿಲೊಂದೇ ಬಯಲಲ್ಲಿ ನಿಂತಿದೆ, ಬೀಗ ಹಾಕಿಕೊಂಡು. ಆ ಕಾಲದಲ್ಲಿ ಅದನ್ನು ಕಾಯುತ್ತಿದ್ದವನು ನಮ್ಮಪ್ಪ. ನನಗೆ ಏಳು ವರ್ಷವಾಗಿದ್ದಾಗ ಮುನ್ನೂರು ಜನ ದರೋಡೆಕೋರರು ಕುದುರೆ ಏರಿ ಬಂದರು. ಬೀಗದ ಕೈ ಅವರ ಪಾಲಾದರೆ ಊರಿನ ಗತಿಯೇನು ಎಂದು ಯೋಚಿಸಿ, ಮೊಳದುದ್ದದ ಆ ಕಬ್ಬಿಣದ ಕೈಯನ್ನು ನಾನು ಗುಳುಕ್ಕನೆ ನುಂಗಿಬಿಟ್ಟೆ. ಅವರು ಬಾಗಿಲು ಬಡಿದೂ ಬಡಿದೂ ಸೋತು ಹಿಂದಿರುಗಿದರು. ಗೋಡೆ ಇರಲಿಲ್ಲವಲ್ಲ, ಪಕ್ಕದಿಂದ ಬರಬಹುದಿತ್ತಲ್ಲ ಎಂದು ಕೇಳಬೇಡಿ. ದರೋಡೆಕೋರರಿಗೂ ಒಂದು ರೀತಿನೀತಿ ಇರುತ್ತದೆ.

ಅಂದಿನಿಂದ ಬಾಗಿಲು ತೆರೆದಿಲ್ಲ. ಊರಿಗೆ ಮದುವೆಯ ದಿಬ್ಬಣ ಬರಲಿ, ಹೊಸ ತಹಶೀಲ್ದಾರರು ಬರಲಿ, ಮೊದಲು ನನ್ನನ್ನು ಕರೆಸುತ್ತಾರೆ. ನಾನು ಅಂಗಿ ಎತ್ತಿ ಹೊಟ್ಟೆಯನ್ನು ಬೀಗಕ್ಕೆ ತಾಗಿಸಿ ಕಣ್ಣು ಮುಚ್ಚಿ ನಿಲ್ಲುತ್ತೇನೆ. ವಾದ್ಯದವರು ಬಾರಿಸುತ್ತಾರೆ. ಕೈ ಇರುವ ಹೊಟ್ಟೆ ಬೀಗಕ್ಕೆ ತಾಗಿದ ಮೇಲೆ ಬಾಗಿಲು ತೆರೆದಂತೆಯೇ ಲೆಕ್ಕ. ಆಮೇಲೆ ಎಲ್ಲರೂ ಪಕ್ಕದಿಂದ ಸುತ್ತಿ ಒಳಗೆ ಬರುತ್ತಾರೆ. ನನಗೆ ಒಂದು ಶಾಲು, ಒಂದು ತೆಂಗಿನಕಾಯಿ, ಊಟದ ಪಂಕ್ತಿಯಲ್ಲಿ ಮೊದಲನೆಯ ಎಲೆ. ಐವತ್ತೆರಡು ವರ್ಷದಲ್ಲಿ ಹೀಗೆ ನಾನೂರು ಶಾಲುಗಳಾಗಿವೆ. ಬಿಳಿನೀರು ಒಂದು ಲೋಟ ಕುಡಿದು ಆ ಕೈಯನ್ನು ನಮಗೂ ತೋರಿಸು ಎಂದು ಜನ ಆಗಾಗ ಕೇಳುತ್ತಿದ್ದರು. ಊರಿನ ಗುಟ್ಟನ್ನು ಬೀದಿಯಲ್ಲಿ ತೋರಿಸುವುದೇ ಎಂದು ನಾನು ಗದರುತ್ತಿದ್ದೆ. ಅವರಿಗೆ ನಾಚಿಕೆಯಾಗುತ್ತಿತ್ತು.

ಹೀಗಿರುವಾಗ ನನ್ನ ಅಕ್ಕ ಓಬಕ್ಕನಿಗೆ ತಿಂದದ್ದು ಇಳಿಯದಂತಾಯಿತು. ಅವಳು ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಅವ್ವ ಬೇಗ ತೀರಿಕೊಂಡಿದ್ದರಿಂದ ನನ್ನನ್ನು ಬೆಳೆಸಿದವಳು ಅವಳೇ. ಸಂತೆಬೀದಿಯಲ್ಲಿ ಮಂಡಕ್ಕಿ ಹುರಿದು ಮಾರುತ್ತಾಳೆ. ಹುರಿಯುತ್ತಾ ಅರ್ಧ ಸೇರು ತಾನೇ ತಿಂದು ಮುಗಿಸುತ್ತಿದ್ದವಳು ಒಂದು ಹಿಡಿಗೇ ವಾಂತಿ ಮಾಡಿಕೊಳ್ಳತೊಡಗಿದಳು. ಅನ್ನ ಬಿಟ್ಟಳು, ಮುದ್ದೆ ಬಿಟ್ಟಳು, ಗಂಜಿಗೆ ಬಂದಳು. ಕೈಬಳೆ ಮೊಣಕೈವರೆಗೆ ಸರಿಯತೊಡಗಿದವು. ಈ ಒಂದು ವಿಷಯದಲ್ಲಿ ನಾನು ಏನನ್ನೂ ಹೆಚ್ಚಿಸಿ ಹೇಳುತ್ತಿಲ್ಲ.

ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿ ಮುಖ ಸಣ್ಣದು ಮಾಡಿದರು. ಜಠರದಿಂದ ಕರುಳಿಗೆ ಇಳಿಯುವ ಬಾಯಲ್ಲಿ ಏನೋ ಅಡ್ಡವಾಗಿದೆ, ಏನೆಂದು ಕಾಣದೆ ಕತ್ತರಿ ಹಾಕಲಾಗುವುದಿಲ್ಲ, ಬಿಳಿನೀರು ಕುಡಿಯಲೇಬೇಕು ಎಂದರು. ಹೀಗೇ ಬಿಟ್ಟರೆ ಒಂದು ತಿಂಗಳು ಎಂದು ನನಗೆ ಬೇರೆಯಾಗಿ ಹೇಳಿದರು.

ಓಬಕ್ಕ ಒಲ್ಲೆ ಎಂದಳು. ಸುಣ್ಣದ ನೀರು ಕುಡಿದು ಗೋಡೆಯಾಗಲಾ ಎಂದಳು. ಒಳಗಿನದು ಒಳಗೇ ಇರಲಿ ಎಂದಳು. ನಾನು ಏಲಕ್ಕಿ ಹಾಕಿದೆ, ಬೆಲ್ಲ ಹಾಕಿದೆ, ಪಾಯಸದ ಬಟ್ಟಲಿನಲ್ಲಿ ಕೊಟ್ಟೆ. ಬಟ್ಟಲನ್ನು ದೂರ ಸರಿಸಿ ಗೋಡೆಯ ಕಡೆ ತಿರುಗಿ ಮಲಗಿದಳು. ಆಗ ನಾನು ನನ್ನ ಸಾಹಸಗಳನ್ನು ತೆಗೆದೆ. ನಲವತ್ತು ಲೋಟದ ಕಥೆ, ಹದಿನೇಳು ದಿನದ ಕಥೆ, ಕೋಳಿಗಳ ಕಥೆ, ಎಲ್ಲ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು ನಿಧಾನವಾಗಿ ಎದ್ದು ಕೂತಳು.

"ಹಂಗಾದ್ರೆ ನನ್ನ ಮುಂದೆ ಒಂದು ಲೋಟ ಕುಡಿ ಕಣ್ಲಾ ತಿಪ್ಪ," ಎಂದಳು. "ನೀನು ಕುಡಿದು ತೋರಿಸು. ಆಮ್ಯಾಲೆ ನಾನು ಕುಡೀತೀನಿ."

ನಾನು ನಕ್ಕೆ. ಅದೇನು ಮಹಾ, ನಾಳೆಯೇ ಎಂದೆ. ಬಾಗಿಲು ದಾಟುವಾಗ ಹೊಸ್ತಿಲಿಗೆ ಎಡವಿದೆ. ಹಿಂದಿರುಗಿ ನೋಡಿದರೆ ಅಕ್ಕನ ಮುಖದಲ್ಲೂ ಏನೋ ಗಾಬರಿ. ಕಾಯಿಲೆಯದಿರಬೇಕು ಅಂದುಕೊಂಡೆ.

ತಿಪ್ಪಯ್ಯ ಬಿಳಿನೀರು ಕುಡಿಯುತ್ತಾನೆ ಎಂಬ ಸುದ್ದಿ ಹಾಲಪ್ಪನ ಹೋಟೆಲಿಗೆ ತಲುಪಿದ್ದೇ ತಡ, ಊರು ಎದ್ದು ಕುಳಿತಿತು. ಐವತ್ತೆರಡು ವರ್ಷದ ಮೇಲೆ ಬೀಗದ ಕೈಯ ದರ್ಶನ. ಪುರಸಭೆಯ ಅಧ್ಯಕ್ಷರು ಆಸ್ಪತ್ರೆಯ ಹಿತ್ತಲಿಗೆ ಶಾಮಿಯಾನ ಹಾಕಿಸಿದರು, ಮಡಚುವ ಕುರ್ಚಿಗಳನ್ನು ತರಿಸಿದರು. ವಿಜ್ಞಾನದ ಮೇಷ್ಟ್ರು ಒಂಬತ್ತನೇ ಕ್ಲಾಸನ್ನು ಸಾಲಾಗಿ ಕರೆತಂದರು. ವಾದ್ಯದವರು ಕರೆಯದೆಯೇ ಬಂದರು. ನೆರೆದವರು ಒಂದು ಲಕ್ಷ ಜನ. ನಮ್ಮೂರಿನ ಜನಸಂಖ್ಯೆ ಅಷ್ಟಿಲ್ಲ ಎಂದು ನನಗೂ ಗೊತ್ತು. ಕೆಲವರು ಎರಡೆರಡು ಸಲ ಬಂದಿದ್ದರು.

ಅಕ್ಕನನ್ನು ಮುಂದಿನ ಸಾಲಿನಲ್ಲಿ ಬೆತ್ತದ ಕುರ್ಚಿಯಲ್ಲಿ ಕೂರಿಸಿದ್ದರು. ನಾನು ಹತ್ತಿರ ಹೋದಾಗ ನನ್ನ ಅಂಗಿಯ ಚುಂಗು ಹಿಡಿದು, "ಬ್ಯಾಡ ಕಣ್ಲಾ, ಮನೆಗೆ ಹೋಗಾಣ," ಎಂದಳು. ಮನೆಗೆ ಹೋಗುವ ಹಾಗಿದ್ದರೆ ನಾನೇ ಅವಳನ್ನು ಎತ್ತಿಕೊಂಡು ಓಡುತ್ತಿದ್ದೆ. ಆದರೆ ಅಂಗಿ ಹಿಡಿದ ಆ ಕೈಯ ಬಳೆಗಳು ಮೊಣಕೈಗೆ ಸರಿದಿದ್ದವು.

ನನ್ನ ಉಪಾಯ ಹೀಗಿತ್ತು. ಹಿತ್ತಲಲ್ಲಿ ಒಂದು ನುಗ್ಗೆಮರವಿದೆ. ಅದಕ್ಕೆ ಬೆನ್ನು ಕೊಟ್ಟು ನಿಂತು, ದೊಡ್ಡ ಶಾಲು ಹೊದ್ದು, ಲೋಟವನ್ನು ಬಾಯಿಗಿಟ್ಟು ಗಂಟಲು ಕುಣಿಸುವುದು. ದೇವರಿಗೆ ಕೈಮುಗಿಯುವ ನೆಪದಲ್ಲಿ ಹಿಂದೆ ತಿರುಗಿ ಬಿಳಿನೀರನ್ನು ಮರದ ಬುಡಕ್ಕೆ ಸುರಿಯುವುದು. ಹೊಳೆಯದಿದ್ದರೆ ಏನು ಹೇಳಬೇಕೆಂಬುದನ್ನೂ ಯೋಚಿಸಿಟ್ಟಿದ್ದೆ. ಎಲ್ಲವೂ ಅಂದುಕೊಂಡಂತೆಯೇ ನಡೆಯಿತು. ಖಾಲಿ ಲೋಟ ತಲೆಕೆಳಗು ಮಾಡಿ ತೋರಿಸಿದೆ. ಜನ ಚಪ್ಪಾಳೆ ತಟ್ಟಿದರು. ಹತ್ತು ನಿಮಿಷ ಕಳೆಯಿತು. ನನ್ನ ಹೊಟ್ಟೆ ಎಂದಿನಂತೆ ಕತ್ತಲಾಗಿಯೇ ಇತ್ತು. ಗುಸುಗುಸು ಶುರುವಾದಾಗ ನಾನು ಕೈ ಎತ್ತಿ ಗಂಭೀರವಾಗಿ, ಬೀಗದ ಕೈಯ ಕಬ್ಬಿಣ ಒಳಗಿನ ಬೆಳಕನ್ನೆಲ್ಲ ಹೀರಿಕೊಂಡುಬಿಟ್ಟಿದೆ ಎಂದು ಸಾರಿದೆ. ನಂಬಿದರು. ನಿಜಕ್ಕೂ ನಂಬಿದರು. ಅಧ್ಯಕ್ಷರು ಕೈಮುಗಿದರು. ಮೇಷ್ಟ್ರು ಹುಡುಗರಿಗೆ ಅದನ್ನು ಬರೆದುಕೊಳ್ಳಲು ಹೇಳಿದರು.

ಡಾಕ್ಟರ್ ಪದ್ಮಾಕ್ಷಿ ಕನ್ನಡಕ ಸರಿಮಾಡಿಕೊಂಡು ನನ್ನ ತಲೆಯ ಮೇಲೆ ನೋಡುತ್ತಿದ್ದರು.

"ತಿಪ್ಪಯ್ಯನವರೇ," ಎಂದರು, "ನಿಮ್ಮ ಹೊಟ್ಟೆ ಯಾಕೆ ಹೊಳೀತಿಲ್ಲ ಅನ್ನೋದು ಗೊತ್ತಾಯ್ತು. ನುಗ್ಗೆಮರ ಯಾಕೆ ಹೊಳೀತಿದೆ?"

ತಿರುಗಿ ನೋಡಿದೆ. ಬೇರು ಮಣ್ಣಿನೊಳಗಿಂದಲೇ ಕಾಣುತ್ತಿತ್ತು. ಕಾಂಡದ ಒಳಗೆ ಬೆಳ್ಳನೆಯ ಗೆರೆಗಳು ಮೇಲೇರಿ ಕೊಂಬೆಕೊಂಬೆಗೂ ಹರಡಿದ್ದವು. ಸಣ್ಣ ಎಲೆಗಳ ನರಗಳೆಲ್ಲ ಬಿಡಿಸಿಟ್ಟಂತೆ ಬೆಳಗುತ್ತಿದ್ದವು. ನುಗ್ಗೆಕಾಯಿಗಳು ಒಂದೊಂದಾಗಿ, ಎರಡು ಸಲ ಮಿಟುಕಿ, ಟ್ಯೂಬ್‌ಲೈಟುಗಳ ಹಾಗೆ ಹತ್ತಿಕೊಳ್ಳುತ್ತಿದ್ದವು. ಬುಡದಲ್ಲಿ ನೀರು ಮುಟ್ಟಿದ ಇರುವೆಗಳು ಹೊಳೆಯುವ ಹೊಟ್ಟೆ ಹೊತ್ತು ಸಾಲಾಗಿ ಅಧ್ಯಕ್ಷರ ಕುರ್ಚಿಯ ಕಡೆಗೆ ಹೊರಟಿದ್ದವು.

ಜನ ನಕ್ಕ ನಗು ನಾನು ಹೆಚ್ಚಿಸಿ ಹೇಳಬೇಕಾದಷ್ಟು ಸಣ್ಣದಾಗಿರಲಿಲ್ಲ. ನಾನು ಮರದ ಬುಡದಲ್ಲೇ ಕುಸಿದು ಕೂತೆ. ಅಕ್ಕ ಒಬ್ಬಳೇ ನಗುತ್ತಿರಲಿಲ್ಲ. ಈಗ ಅವಳು ಕುಡಿಯುವುದಿಲ್ಲ, ಒಂದು ತಿಂಗಳು ಎಂದಿದ್ದರಲ್ಲ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಬಾಯಿ ತಾನೇ ಬಿಚ್ಚಿಕೊಂಡಿತು. ನನ್ನ ಹೊಟ್ಟೆಯಲ್ಲಿ ಯಾವ ಬೀಗದ ಕೈಯೂ ಇಲ್ಲ ಎಂದೆ. ದರೋಡೆಕೋರರು ಬಂದಿರಲಿಲ್ಲ. ಹುಣಸೆಕಾಯಿ ಉದುರಿಸಲು ಅಪ್ಪನ ಬೀಗದ ಕೈಯನ್ನು ಮರಕ್ಕೆ ಎಸೆದಿದ್ದೆ, ಅದು ಕೆಳಗೆ ಬೀಳಲಿಲ್ಲ. ಅಪ್ಪ ಕೋಲು ಹಿಡಿದು ಬಂದ. ಆಗ ಯಾರೋ, ಅವನು ಅದನ್ನು ನುಂಗಿದ್ದಾನೆ ಎಂದರು. ನಾನು ಹೌದೆಂದು ತಲೆಯಾಡಿಸಿದೆ. ಹೊಟ್ಟೆಯಲ್ಲಿ ಕಬ್ಬಿಣ ಇರುವ ಹುಡುಗನನ್ನು ಹೊಡೆಯುವುದುಂಟೆ? ಹನ್ನೆರಡು ಬಾಳೆಹಣ್ಣು ತಿನ್ನಿಸಿದರು, ಮೂರು ದಿನ ಕಾದರು, ನಾಲ್ಕನೆಯ ದಿನ ಹಾರ ಹಾಕಿದರು. ಆಮೇಲೆ ಬಿಡಲು ಮನಸ್ಸಾಗಲಿಲ್ಲ.

ಹಿಂದಿನ ಸಾಲಿನಲ್ಲಿ ಒಂದು ಕುರ್ಚಿ ಮಡಚಿದ ಸದ್ದಾಯಿತು. ಆಮೇಲೆ ಇನ್ನೊಂದು. ಅಧ್ಯಕ್ಷರು ಶಾಲುಗಳ ವಿಷಯ ಎತ್ತುವವರಿದ್ದರು. ಅಷ್ಟರಲ್ಲಿ ಅಕ್ಕ ಕುರ್ಚಿಯ ಕೈ ಹಿಡಿದು ಎದ್ದು ನಿಂತಳು.

"ಯಾರೋ ಅಲ್ಲ, ನುಂಗಿದಾನೆ ಅಂತ ಅಪ್ಪಂಗೆ ಹೇಳಿದ್ದು ನಾನೇ," ಎಂದಳು. "ಅವನ ತಪ್ಪಿಲ್ಲ." ಆಮೇಲೆ ಡಾಕ್ಟರಮ್ಮನ ಕಡೆ ಕೈ ಚಾಚಿದಳು. "ಕೊಡವ್ವ ಇತ್ಲಾಗೆ ಆ ಲೋಟ. ಇನ್ನು ಯಾರಿಗೋಸ್ಕರ ಮುಚ್ಚಿಡ್ಲಿ."

ಗಟಗಟನೆ ಕುಡಿದಳು. ಬಾಯಿ ಒರೆಸಿಕೊಂಡಳು. ಕೊಡೆ ಬೇಡವೆಂದಳು. ಹೋಗುತ್ತಿದ್ದವರು ನಿಂತರು. ಹತ್ತು ನಿಮಿಷಕ್ಕೆ ಅವಳ ಅನ್ನನಾಳ ಬೆಳಗಿತು, ತೆಳ್ಳಗೆ, ನೆಟ್ಟಗೆ. ಜಠರ ಬೆಳಗಿತು. ಅದರ ತುದಿಯಲ್ಲಿ, ಬೆಳಕಿನ ನಡುವೆ, ಸ್ಪಷ್ಟವಾಗಿ, ಕಪ್ಪಗೆ, ಅಡ್ಡಲಾಗಿ ಒಂದು ಬೀಗದ ಕೈ ಮಲಗಿತ್ತು. ಒಂದು ತುದಿಗೆ ಹಿಡಿಯುವ ಬಳೆ, ಇನ್ನೊಂದು ತುದಿಗೆ ಎರಡು ಹಲ್ಲು.

ಯಾರೂ ಆಕಾಶ ನೋಡಲಿಲ್ಲ.

ನನಗೆ ಹಾರ ಹಾಕಿದ ದಿನವೇ ಗಾಳಿಗೆ ಅದು ಹುಣಸೆಮರದಿಂದ ಅವಳ ಕಾಲ ಬಳಿ ಬಿತ್ತಂತೆ. ಹನ್ನೊಂದು ವರ್ಷದ ಹುಡುಗಿ. ಕೈ ಸಿಕ್ಕಿತೆಂದು ಹೇಳಿದರೆ ಸುಳ್ಳಿಗೊಂದು, ಕಳೆದದ್ದಕ್ಕೊಂದು ಎಂದು ತಮ್ಮನಿಗೆ ಎರಡು ಪಾಲು ಏಟು. ಎಸೆದರೆ ಯಾರಾದರೂ ಹೆಕ್ಕಿಕೊಳ್ಳುತ್ತಾರೆ. ಆ ಕಡೆ ಈ ಕಡೆ ನೋಡಿ, ನನಗೆ ತಿನ್ನಿಸಿ ಉಳಿದಿದ್ದ ಬಾಳೆಹಣ್ಣಿನೊಳಗೆ ಸೇರಿಸಿ ನುಂಗಿಬಿಟ್ಟಳು. ಐವತ್ತೆರಡು ವರ್ಷ ಅದು ಜಠರದ ಯಾವುದೋ ಮಡಿಕೆಯಲ್ಲಿ ಸುಮ್ಮನೆ ಕೂತಿತ್ತು. ಈಗ ಜಾರಿ ಬಾಯಿಗೆ ಅಡ್ಡ ಬಂದಿದೆ.

ಹೊಟ್ಟೆಯೊಳಗೆ ಇದನ್ನಿಟ್ಟುಕೊಂಡು ಸಾಯಲು ಹೊರಟಿದ್ದೆಯಾ, ನನಗಾದರೂ ಹೇಳಬಾರದಿತ್ತೇ ಎಂದು ಕೇಳಿದೆ.

"ನಿಂಗೆ ಹೇಳಿದ್ರೆ ಸಂಜೆ ಹೊತ್ತಿಗೆ ಊರಿಗೇ ಗೊತ್ತಾಗ್ತಿತ್ತು," ಎಂದಳು. "ನಾನು ಹೊಳೆದ್ರೆ ನಿನ್ನ ಶಾಲು ಹೋಗ್ತಿತ್ತು. ನೀನು ಯಾವತ್ತೂ ಕುಡಿಯಾಕಿಲ್ಲ ಅಂತ ಗೊತ್ತಿತ್ತು. ಅದ್ಕೇ ಮೊದ್ಲು ನೀನು ಕುಡಿ ಅಂದೆ. ಸಲೀಸಾಗಿ ಹೋಗಿಬಿಡಾಣ ಅಂತಿದ್ದೆ."

ಇಡೀ ಊರು ಅವಳ ಒಳಗನ್ನು ನೋಡುತ್ತಾ ನಿಂತಿತ್ತು. ಅವಳು ಒಬ್ಬಳೇ ಹೊಳೆಯುತ್ತಾ, ಸೆರಗು ಬಿಗಿ ಮಾಡಿಕೊಳ್ಳುತ್ತಾ ಕೂತಿದ್ದಳು. ಸೆರಗು ಬಿಗಿ ಮಾಡಿಕೊಂಡರೆ ಏನು ಮರೆಯಾಗುತ್ತದೆ? ನಾನು ಇನ್ನೊಂದು ಲೋಟ ಕಲಸಿಕೊಂಡು ಕುಡಿದು ಅವಳ ಪಕ್ಕದಲ್ಲಿ ಹೋಗಿ ಕೂತೆ. ಸಂಜೆಯವರೆಗೆ ಇಬ್ಬರೂ ಹೊಳೆಯುತ್ತಾ ಕೂತಿದ್ದೆವು. ನೋಡಿ ನೋಡಿ ಬೇಸರವಾಗಿ ಜನ ಚದುರಿದರು.

ಮುಂದಿನ ವಾರ ಜಿಲ್ಲಾಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಅಕ್ಕ ಈಗ ಮತ್ತೆ ಮಂಡಕ್ಕಿ ಹುರಿಯುತ್ತಾಳೆ, ಹುರಿಯುತ್ತಾ ಅರ್ಧ ಸೇರು ತಿನ್ನುತ್ತಾಳೆ. ತೆಗೆದ ಬೀಗದ ಕೈಯಿಂದ ಅಧ್ಯಕ್ಷರು ಊರಬಾಗಿಲನ್ನು ತೆರೆಸಿದರು. ಕಿರ್ರೆಂದು ತೆರೆಯಿತು. ಒಂದು ಬೆಕ್ಕು ಒಳಗಿನಿಂದ ಹೊರಗೆ ಹೋಯಿತು. ಜನ ಐದು ನಿಮಿಷ ನೋಡಿ, ಅಭ್ಯಾಸದಂತೆ ಪಕ್ಕದಿಂದ ಸುತ್ತಿಕೊಂಡು ಮನೆಗೆ ಹೋದರು.

ಇಷ್ಟನ್ನು ಬರೆದು ಅಕ್ಕನಿಗೆ ಓದಿ ಹೇಳಿದೆ. ಮೊದಲನೆಯ ಸಾಲಿಗೇ ಅವಳು ಮಂಡಕ್ಕಿ ಜರಡಿಯನ್ನು ಕೆಳಗಿಟ್ಟು ಕಡೆಯವರೆಗೂ ಕೇಳಿಸಿಕೊಂಡಳು. ಬೇರೆ ಊರಿನಲ್ಲಿ ಹೊಳೆದೆ ಅಂತೀಯ, ಬೇರೆ ಊರಲ್ಲಿ ಯಾರೂ ಹೊಳೆಯುವುದಿಲ್ಲ ಅಂತ ನೀನೇ ಕೆಳಗೆ ಬರೆದಿದ್ದೀಯ, ಯಾವುದು ಸುಳ್ಳೋ ಅದನ್ನು ಸರಿಮಾಡು ಎಂದಳು. ಸರಿಮಾಡುತ್ತೇನೆ. ಆ ಕೈ ಮೊಳದುದ್ದ ಇರಲಿಲ್ಲ, ಕಿರುಬೆರಳಿನಷ್ಟಿತ್ತು. ಹಿತ್ತಲಲ್ಲಿ ಸೇರಿದ್ದವರು ಇನ್ನೂರು ಜನ. ಶಾಲುಗಳು ಹನ್ನೊಂದು, ಎರಡನ್ನು ನುಸಿ ತಿಂದಿದೆ, ಉಳಿದದ್ದನ್ನು ವಾಪಸು ಕೊಟ್ಟಿದ್ದೇನೆ. ನನ್ನ ಒಳಗು ಶಾಲೆಯ ಗೋಡೆಯಲ್ಲಿ ತೂಗುಹಾಕಿದ ಚಿತ್ರದ ಹಾಗೆಯೇ ಇತ್ತು, ಒಂದು ಎಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಇಷ್ಟು ಸಾಧಾರಣವಾದ ಹೊಟ್ಟೆ ತಮಗೆ ಸಿಕ್ಕಿರಲೇ ಇಲ್ಲವೆಂದು ಮೇಷ್ಟ್ರು ಎರಡನೇ ಪೀರಿಯಡ್ಡಿಗೆ ನನ್ನನ್ನೇ ಕರೆಯುತ್ತಿದ್ದಾರೆ. ಬಿಳಿನೀರನ್ನು ನಾನು ಜೀವಮಾನದಲ್ಲಿ ಕುಡಿದದ್ದು ಆ ಒಂದೇ ಲೋಟ. ಅದನ್ನೂ ಒಂದೇ ಉಸಿರಿಗಲ್ಲ, ನಾಲ್ಕು ಸಲ ನಿಲ್ಲಿಸಿ. ಅಕ್ಕ ನನ್ನ ಮೂಗು ಹಿಡಿದುಕೊಂಡಿದ್ದಳು.

ತುಂಬಾ ಗಂಟುಗಳಿದ್ದವು.